ಹಕ್ಕಿಗೆಂದು ಇಟ್ಟ ಶಟರು

ನನ್ನ ಬಲಗೈ ನಡುಗುತ್ತದೆ ಎಂದು ನನಗೆ ಮೊದಲು ಹೇಳಿದ್ದು ಚಹಾದ ಬಸಿ. ಬೆಳಿಗ್ಗೆ ಅಂಗಡಿ ತೆಗೆದು, ಹೆಂಡತಿ ತಂದಿಟ್ಟ ಕಪ್ಪನ್ನು ಬಸಿ ಸಮೇತ ಎತ್ತಿದೆ. ಕಟಕಟ ಎಂದಿತು. ಕೆಳಗಿಟ್ಟು ಮತ್ತೆ ಎತ್ತಿದೆ. ಮತ್ತೆ ಕಟಕಟ. ಕಂಪ್ಯೂಟರಿನ ಮುಂದೆ ಕೂತು ಯಾರದೋ ಲಗ್ನದ ಆಲ್ಬಮ್ ಜೋಡಿಸುತ್ತಿದ್ದ ಹೆಂಡತಿ ತಿರುಗಿ ನೋಡಿದಳು. "ಭಾಳ ಸುಡತೈತಿ," ಎಂದೆ. ಅವಳು ಮತ್ತೆ ಕೆಲಸಕ್ಕೆ ತಿರುಗಿದಳು. ಆ ಚಹಾ ತಂದಿಟ್ಟು ಕಾಲು ತಾಸಾಗಿ ಮೇಲೆ ಕೆನೆ ಕಟ್ಟಿತ್ತು.

ನನ್ನದು ಮಿರಜಿನಲ್ಲಿ ಸಣ್ಣ ಫೋಟೊ ಸ್ಟುಡಿಯೊ. ಲಗ್ನ, ನಿಶ್ಚಯ, ಬಸುರಿಯ ಕುಬಸ, ಕೂಸಿಗೆ ಹೆಸರಿಡುವ ಬಾರಸೆ, ಯಾರು ಕರೆದರೂ ಹೋಗುತ್ತೇನೆ. ಫೋಟೊ ಹೊಡೆಯುವವ ನಾನು, ಅದನ್ನು ತಿದ್ದಿ ತೀಡಿ ಆಲ್ಬಮ್ ಮಾಡುವವಳು ಹೆಂಡತಿ. ಗಿರಾಕಿ ಒಳಗೆ ಬಂದರೆ ಮರಾಠಿ, ಗಿರಾಕಿ ಹೊರಗೆ ಹೋದರೆ ಕನ್ನಡ. ನಮ್ಮ ಅಜ್ಜ ಮುತ್ತಜ್ಜಂದಿರು ಕನ್ನಡ ಮಾತಾಡುವ ಜೈನರು, ನಾವೂ ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಈ ಭಾಗದ ಎಷ್ಟೋ ಮನೆಗಳ ಗೋಡೆಯ ಮೇಲೆ ನನ್ನ ಕೈಯ ಫೋಟೊ ಹತ್ತಿ ಕೂತಿದೆ. ಅಂಥವನ ಕೈ ನಡುಗುತ್ತದೆ ಎಂದು ಒಬ್ಬನಿಗೆ ಗೊತ್ತಾದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಗಳ ಲಗ್ನಕ್ಕೆ ಕೈ ನಡುಗುವ ಫೋಟೊಗ್ರಾಫರನನ್ನು ಯಾರು ಕರೆಯುತ್ತಾರೆ? ನಾನೇ ಹೆಣ್ಣಿನ ಅಪ್ಪನಾಗಿದ್ದರೆ ಕರೆಯುತ್ತಿರಲಿಲ್ಲ.

ಹೆಜ್ಜೆಗೊಂದು ದವಾಖಾನೆ ಇರುವ ಊರು ನಮ್ಮದು. ಎಲ್ಲೆಲ್ಲಿಂದಲೋ ರೈಲು ಹತ್ತಿ ಜನ ಇಲ್ಲಿಗೆ ತೋರಿಸಿಕೊಳ್ಳಲು ಬರುತ್ತಾರೆ. ಅದೇ ಓಣಿಗಳಲ್ಲಿ ನಾನು ಬಲಗೈಯನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಸುಮ್ಮನಿದ್ದಾಗ ಕೈ ಸುಮ್ಮನಿರುತ್ತಿತ್ತು. ಏನಾದರೂ ಎತ್ತಿ ಹಿಡಿದರೆ ಶುರು. ಕ್ಯಾಮೆರಾ ಎಂದರೆ ಎತ್ತಿ ಹಿಡಿಯುವ ವಸ್ತುವೇ ಅಲ್ಲವೆ!

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಶಟರ್ ಎಂದರೆ ಕ್ಯಾಮೆರಾದೊಳಗಿನ ಪರದೆ. ಅದು ಎಷ್ಟು ಹೊತ್ತು ತೆರೆದಿರಬೇಕೆಂದು ನಾವು ಒಂದು ಅಂಕಿ ಇಡುತ್ತೇವೆ. ನೂರಾ ಇಪ್ಪತ್ತೈದು ಎಂದರೆ ಒಂದು ಸೆಕೆಂಡನ್ನು ನೂರಾ ಇಪ್ಪತ್ತೈದು ಪಾಲು ಮಾಡಿ ಅದರಲ್ಲಿ ಒಂದು ಪಾಲಿನಷ್ಟು ಹೊತ್ತು. ಅಂಕಿ ದೊಡ್ಡದಾದಷ್ಟೂ ಪರದೆ ಬೇಗ ಮುಚ್ಚುತ್ತದೆ, ಅಲ್ಲಾಟ ಕಡಿಮೆ ಕಾಣುತ್ತದೆ, ಬೆಳಕೂ ಕಡಿಮೆ ಒಳಗೆ ಬರುತ್ತದೆ. ಲಗ್ನದ ಮನೆಯಲ್ಲಿ ನಾನು ಜೀವಮಾನವೆಲ್ಲ ನೂರಾ ಇಪ್ಪತ್ತೈದಕ್ಕೇ ಹೊಡೆದವನು. ಕೈ ಗಟ್ಟಿಯಿದ್ದರೆ ಅದು ಸಾಕು. ನನಗೆ ಸಾಲದಾಯಿತು.

"ಈ ಸಲದ ಫೋಟೊ ಯಾಕೋ ಮೆತ್ತಗ ಬಂದಾವಲ್ರಿ," ಎಂದಳು ಹೆಂಡತಿ ಒಂದು ದಿನ.

"ಲೆನ್ಸ್ ಹಳೇದಾಗೇತಿ," ಎಂದೆ.

ಲೆನ್ಸ್ ತೆಗೆದುಕೊಂಡು ರಿಪೇರಿಯವನ ಹತ್ತಿರ ಹೋದೆ. ಅವನು ಒಡೆದು ನೋಡಿ, ಒರೆಸಿ, ಮತ್ತೆ ಜೋಡಿಸಿ, ಏನೂ ಆಗಿಲ್ಲ ಎಂದ. ಅವನ ಜೊತೆ ಜಗಳ ಆಡಿದೆ. ನಿನಗೆ ಕೆಲಸ ಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಅಂದು ಬಂದೆ. ಕುಣಿಯಲು ಬಾರದವಳು ಅಂಗಳ ಡೊಂಕು ಅಂದಳಂತೆ. ಅವನ ಅಂಗಡಿ ಮೆಟ್ಟಿಲು ಇಳಿಯುವಾಗ ಆ ಗಾದೆಯೇ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಹಕ್ಕಿ ಬಂದದ್ದು ಇಂಥ ದಿನಗಳಲ್ಲಿ. ಲಗ್ನಕ್ಕೆ ಮೊದಲು ಹುಡುಗ ಹುಡುಗಿಯನ್ನು ಹೊಳೆ, ಹೊಲ ಎಂದು ತಿರುಗಿಸಿ ಫೋಟೊ ಹೊಡೆಯುವ ಪದ್ಧತಿ ಈಗ ಎಲ್ಲ ಕಡೆ ಬಂದಿದೆಯಲ್ಲ, ಅಂಥದೊಂದು ಜೋಡಿ ಕಸಬೆ ಡಿಗ್ರಜದ ಹತ್ತಿರ ಕೃಷ್ಣೆಯ ದಂಡೆಗೆ ಬೆಳಿಗ್ಗೆ ಬರುತ್ತೇವೆಂದು ಹೇಳಿ ಬರಲೇ ಇಲ್ಲ. ಕಾಯುವುದೆಂದರೆ ನನಗೆ ಮೈಯೆಲ್ಲ ಇರುವೆ ಹರಿದ ಹಾಗೆ. ದಂಡೆಯ ಮೇಲೆ ಆ ಕಡೆ ನಡೆದೆ, ಈ ಕಡೆ ನಡೆದೆ, ಅವರಿಗೆ ಫೋನು ಹಚ್ಚಿದೆ, ಬೈದೆ. ಆಗ ನೀರಿನ ಮೇಲೆ ಒಂದು ಬಿಳಿ ಹಕ್ಕಿ ಹೋಯಿತು. ಹಳದಿ ಕೊಕ್ಕು, ಕರಿ ಟೊಪ್ಪಿಗೆ, ಕತ್ತರಿಯಂಥ ಬಾಲ. ತಲೆ ಕೆಳಗೆ ಮಾಡಿ ನೀರನ್ನೇ ನೋಡುತ್ತ ಹಾರುತ್ತಿತ್ತು. ಒಂದು ಕಡೆ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯಿತು, ಆಮೇಲೆ ದಪ್ಪನೆ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಎದ್ದಿತು. ಅದರ ಹೆಸರು ರೀವ ಎಂದು ಆಮೇಲೆ ತಿಳಿಯಿತು.

ಕೈಯಲ್ಲಿ ಕ್ಯಾಮೆರಾ ಇತ್ತು, ಹೊಡೆದೆ. ಲಗ್ನದಲ್ಲಿ ನಾವು ಮಾಡುವುದು ಹೀಗೆ: ಮುಖದ ಮೇಲೆ ಫೋಕಸ್ ಹಿಡಿದು, ಗುಂಡಿಯನ್ನು ಅರ್ಧ ಒತ್ತಿ ಅಲ್ಲೇ ಬಿಗಿಹಿಡಿದು, ಚೌಕಟ್ಟು ಸರಿ ಮಾಡಿಕೊಂಡು, 'ಇಕಡೆ ಬಘಾ', ಈ ಕಡೆ ನೋಡ್ರಿ, ಎಂದು ಕೂಗಿ, ಆಮೇಲೆ ಪೂರಾ ಒತ್ತುವುದು. ಹಕ್ಕಿಗೂ ಅದನ್ನೇ ಮಾಡಿದೆ. ನಾನು ಬಿಗಿಹಿಡಿದ ಜಾಗದಲ್ಲಿ ಫೋಕಸ್ ಇತ್ತು, ಹಕ್ಕಿ ಇರಲಿಲ್ಲ. ನಲವತ್ತು ಫೋಟೊದಲ್ಲಿ ಮೂವತ್ತು ಬರೀ ಆಕಾಶ, ಐದಾರರಲ್ಲಿ ಬಾಲ, ಉಳಿದದ್ದರಲ್ಲಿ ಸುಣ್ಣದ ಬ್ರಷ್ಷು ಎಳೆದ ಹಾಗೆ ಒಂದು ಬಿಳಿ ಗೆರೆ.

"ಶಟರ್ ಎಷ್ಟಿಟ್ಟೀರಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ಮಡಚುವ ಕುರ್ಚಿ, ತಲೆಗೆ ಮಫ್ಲರು, ಮೊಳದುದ್ದದ ಲೆನ್ಸು. ರೈಲಿನ ಇಂಜಿನ್ ಓಡಿಸಿ ನಿವೃತ್ತರಾದವರು, ಮನೆಮಾತು ಕನ್ನಡ. ಆ ದಿನದಿಂದ ನಾನು ಅವರನ್ನು ಕಾಕಾ ಎಂದೇ ಕರೆದೆ.

"ನೂರಾ ಇಪ್ಪತ್ತೈದು," ಎಂದೆ.

ಅವರು ಬಾಯಿ ತುಂಬ ನಕ್ಕರು. "ಇದು ಮದಿಮಗಳಲ್ಲ, ನಿಂದ್ರಂದ್ರ ನಿಂದ್ರಾಕ. ಎರಡು ಸಾವಿರದ ಮ್ಯಾಲ ಇಡ್ರಿ ಮೊದಲ."

ಇಟ್ಟೆ. ಮರುದಿನ ಮತ್ತೆ ಹೋದೆ. ಅದರ ಮರುದಿನವೂ ಹೋದೆ. ಕಾಕಾ ಒಂದೊಂದೇ ಹೇಳಿಕೊಟ್ಟರು. ಫೋಕಸ್ ಬಿಗಿಹಿಡಿಯುವ ಚಾಳಿ ಬಿಡಿಸಿ, ಹಕ್ಕಿ ಹೋದಂತೆ ತಾನೂ ಬೆನ್ನು ಹತ್ತುವ ಫೋಕಸ್ಸಿಗೆ ಕ್ಯಾಮೆರಾವನ್ನು ತಿರುಗಿಸಿದರು. ಆ ಕೆಲಸವನ್ನು ತೋರುಬೆರಳಿನಿಂದ ಕಿತ್ತು ಹಿಂದಿನ ಗುಂಡಿಗೆ, ಹೆಬ್ಬೆರಳಿಗೆ ಕೊಟ್ಟರು. ಹೆಬ್ಬೆರಳು ಒತ್ತಿಕೊಂಡೇ ಇರಬೇಕು, ತೋರುಬೆರಳು ಹೊಡೆಯಲಿಕ್ಕೆ ಮಾತ್ರ. ನಡುವಿನ ಒಂದೇ ಚುಕ್ಕೆಯಿಂದ ಹಕ್ಕಿ ಹಿಡಿಯಲು ಹೋದರೆ ಜಾರುತ್ತದೆ, ಒಂಬತ್ತು ಚುಕ್ಕೆಗಳ ಗುಂಪು ಇಟ್ಟುಕೋ ಎಂದರು. ಬಿಳಿ ಹಕ್ಕಿ ಕರೀ ನೀರಿನ ಮೇಲೆ ಬಂದರೆ ಬೆಳಕು ಸ್ವಲ್ಪ ಇಳಿಸು, ಇಲ್ಲದಿದ್ದರೆ ರೆಕ್ಕೆಯ ಗರಿಗಳೆಲ್ಲ ಸುಟ್ಟು ಹಾಳೆಯಾಗುತ್ತವೆ. ಅದೇ ಹಕ್ಕಿ ಆಕಾಶಕ್ಕೆ ಏರಿದರೆ ಏರಿಸು, ಇಲ್ಲದಿದ್ದರೆ ಹೊಟ್ಟೆ ಕಪ್ಪಾಗುತ್ತದೆ.

"ಕೈಲೆ ತಿರಗಬ್ಯಾಡ, ಸೊಂಟದಿಂದ ತಿರಗು," ಎನ್ನುತ್ತಿದ್ದರು. ಎರಡು ದಿನದಲ್ಲಿ 'ರಿ' ಹೋಗಿ 'ನೀ' ಬಂದಿತ್ತು. "ಹಕ್ಕಿ ಎಲ್ಲಿ ಬರತೈತಿ ಅಲ್ಲಿಗೆ ಪಾದಾ ಮೊದಲ ಇಟಗೊಂಡ ನಿಂದ್ರು. ದೂರ ಇದ್ದಾಗಿಂದ ಹಿಡಕೊಂಡ ಬಾ. ಹತ್ತಿರ ಬಂದಮ್ಯಾಲ ಹುಡುಕಿದ್ರ ಸಿಗೂದಿಲ್ಲ. ಸಿಗ್ನಲ್ ದಾಟಿದಮ್ಯಾಲ ಬ್ರೇಕ್ ಹಾಕಿದ್ರ ಏನ್ ಬಂತು?"

ದಿಬ್ಬದ ಮೇಲೆ ಕೂತ ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಏಳುವ ಮೊದಲು ಹೆಚ್ಚಾಗಿ ಹಿಕ್ಕೆ ಹಾಕುತ್ತದೆ, ಅದೇ ನಿನಗೆ ರೈಲಿನ ಗಾರ್ಡನ ಶೀಟಿ ಎಂದರು. ಇನ್ನೊಂದು ಮಾತು ಒತ್ತಿ ಹೇಳಿದರು: "ಹೊಡದಮ್ಯಾಲ ಫೋಟೊ ಹೆಂಗ ಬಂತಂತ ಹಿಂದಿನ ಪರದಿ ನೋಡಬ್ಯಾಡ. ನೀ ಅದನ್ನ ನೋಡೂದ್ರಾಗ ಮುಂದಿನ ಹಕ್ಕಿ ಹೋಗಿರತೈತಿ." ಹೊಡೆದ ಕೂಡಲೆ ಹಿಂದೆ ಫೋಟೊ ಮೂಡುವುದನ್ನೇ ನನ್ನ ಕ್ಯಾಮೆರಾದಲ್ಲಿ ಬಂದ್ ಮಾಡಿಸಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ಸುಟ್ಟದ್ದು ಇದೇ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಶಟರನ್ನು ಮೂರು ಸಾವಿರದ ಇನ್ನೂರಕ್ಕೆ ಏರಿಸಿ ಹೊಡೆದೆ. ರೀವ ನೀರಿನಿಂದ ಏಳುತ್ತಿತ್ತು. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ, ಕೊಕ್ಕಿನಲ್ಲಿದ್ದ ಮೀನಿನ ಕಣ್ಣೂ ಕಾಣುತ್ತಿತ್ತು. ರೆಕ್ಕೆಯ ತುದಿಯಿಂದ ಉದುರುವ ಹನಿ ಒಂದೊಂದೂ ಗುಂಡಗೆ ನಿಂತಿತ್ತು. ಕುರ್ಚಿಯಿಂದ ಎದ್ದು ನಿಂತೆ. ಹಕ್ಕಿಯ ರೆಕ್ಕೆಯನ್ನು ನಿಲ್ಲಿಸುವ ಶಟರು ನನ್ನ ಕೈಯನ್ನೂ ನಿಲ್ಲಿಸಿತ್ತು! ನಡುಕ ಎಲ್ಲೂ ಇಲ್ಲ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಹೆಂಡತಿಯನ್ನು ಕರೆದೆ. "ನೋಡಿಲ್ಲೆ, ಬ್ಯಾರೆ ಲೆನ್ಸಿಗೆ ಹೆಂಗ ಬಂದೈತಿ. ಲೆನ್ಸಿಂದ ತಪ್ಪು, ನಂದಲ್ಲ ಅಂತ ಹೇಳಿದ್ನಿಲ್ಲ?"

ಅವಳು ಹಕ್ಕಿಯನ್ನು ನೋಡಿದಳು, ಪರದೆಯ ಮೂಲೆಯಲ್ಲಿ ಬರುವ ಅಂಕಿಗಳನ್ನೂ ನೋಡಿದಳು. "ಛಂದ ಬಂದೈತ್ರಿ," ಎಂದಳು. ಅಷ್ಟೇ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಹೊತ್ತು ಮುಳುಗುವ ಮೊದಲು ಊಟ ಮಾಡುವ ಮನೆ ನಮ್ಮದು, ಸಂಜೆ ತಿರುಗಾಟ ಆಗುವುದಿಲ್ಲ. ಹೀಗಾಗಿ ಬೆಳಗಾಗುವ ಮೊದಲೇ ಗಾಡಿ ಹೊಡೆದುಕೊಂಡು ಮಿರಜಿನಿಂದ ಸಾಂಗ್ಲಿ ದಾಟಿ ಹೊಳೆಗೆ ಹೋಗುತ್ತಿದ್ದೆ. ದಾರಿಯಲ್ಲಿ ರಿಕ್ಷಾದವರನ್ನು ಬೈಯುತ್ತ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದು ಹಾರ್ನ್ ಬಾರಿಸುತ್ತ. ಅಂಗಡಿಗೆ ಬಂದರೆ ಅಲ್ಲಿ ಕೂಡಲಾಗುತ್ತಿರಲಿಲ್ಲ, ಹೊಳೆಗೆ ಹೋದರೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಹಕ್ಕಿಗಿಂತ ನೀನ ಹೆಚ್ಚು ಹಾರ್ಯಾಡ್ತಿ," ಎಂದರು ಕಾಕಾ. ದಿನಾ ಮುಂಜಾನೆ ನನ್ನ ಕೈ ಗಟ್ಟಿಯಿದೆ ಎಂದು ನನಗೇ ತೋರಿಸಿಕೊಳ್ಳಬೇಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಧೈರ್ಯ ಇಳಿದುಹೋಗುತ್ತಿತ್ತು.

ಲಗ್ನಗಳಲ್ಲೂ ಅಂಕಿಯನ್ನು ಏರಿಸುತ್ತ ಹೋದೆ. ಮೊದಲು ಇನ್ನೂರು. ಫ್ಲ್ಯಾಶ್ ಹಚ್ಚಿ ಹೊಡೆಯುವಾಗ ನನ್ನ ಕ್ಯಾಮೆರಾದಲ್ಲಿ ಇನ್ನೂರೇ ಕಡೆಯ ಗಡಿ. ಆಮೇಲೆ ಫ್ಲ್ಯಾಶ್ ತೆಗೆದಿಟ್ಟು ಮುನ್ನೂರು, ಐನೂರು, ಎಂಟುನೂರು. ಬೆಳಕು ಸಾಲದೆ ಫೋಟೊ ರವೆರವೆಯಾಗಿ ಬರುತ್ತಿತ್ತು. ಹೆಂಡತಿ ಆ ರವೆಯನ್ನು ಒರೆಸಿ ಒರೆಸಿ ಆಲ್ಬಮ್ ಮಾಡುತ್ತಿದ್ದಳು.

ಅಷ್ಟರಲ್ಲಿ ನನ್ನ ಅಕ್ಕನ ಮಗಳ ಲಗ್ನ ಗೊತ್ತಾಯಿತು. ಅಕ್ಕನ ಮನೆ ಕುಪವಾಡದಲ್ಲಿ. ಭಾವನದು ಅಲ್ಲಿ ಎಂಐಡಿಸಿಯ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಮಶೀನಿನ ಸಣ್ಣ ವರ್ಕ್‌ಶಾಪು. ಆ ಹುಡುಗಿಯ ಬಾರಸೆಯಿಂದ ಹಿಡಿದು ಎಲ್ಲ ಫೋಟೊ ನನ್ನವೇ. ಅಕ್ಕ ಮನೆಗೆ ಬಂದು ಹೇಳಿದಳು: "ತಮ್ಮಾ, ಈ ಸಲ ಫೋಟೊಕ್ಕ ಬ್ಯಾರೆದವರನ್ನ ಕರಸೋಣು. ನೀ ಸೋದರಮಾವ, ಅಂತರಪಟದಾಗ ಹುಡುಗಿ ಹಿಂದ ನಿಂದ್ರಬೇಕು."

ನಮ್ಮ ಕಡೆ ಅದು ಸೋದರಮಾವನ ಜಾಗ. ವಧು ವರರ ನಡುವೆ ಅಂತರಪಟದ ಬಟ್ಟೆ ಹಿಡಿದಿರುತ್ತಾರೆ, ಮಂಗಲಾಷ್ಟಕ ನಡೆದಿರುತ್ತದೆ, ಆ ಹೊತ್ತಿಗೆ ಮಾವ ಹುಡುಗಿಯ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಿರಬೇಕು. ಕಡೆಯ 'ಸಾವಧಾನ' ಅಂದ ಕೂಡಲೆ ಅಂತರಪಟ ಸರಿಯುತ್ತದೆ, ಅಕ್ಕಿಕಾಳು ಬೀಳುತ್ತವೆ, ಲಗ್ನವಾಯಿತು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸೋದರಮಾವಂದಿರನ್ನು ನಾನು ಆ ಜಾಗದಲ್ಲಿ ಹೊಡೆದಿದ್ದೇನೆ, 'ಮಾಮಾ, ಸ್ವಲ್ಪ ಈಕಡೆ ಸರೀರಿ' ಎಂದು.

"ನನ್ನ ಅಕ್ಕನ ಮಗಳ ಲಗ್ನಾ ಬ್ಯಾರೆದಾವ ಹೊಡೀತಾನಂತ?" ಎಂದು ಸಿಡಿದೆ. "ನಾ ಸತ್ತೇನೇನು?"

ಅಕ್ಕ ಒಪ್ಪಿಕೊಂಡಳು. ನನ್ನ ಸಿಟ್ಟು ಅವಳಿಗೆ ಪ್ರೀತಿ ಎನಿಸಿರಬೇಕು. ಅದು ಪ್ರೀತಿಯಲ್ಲ, ಹೆದರಿಕೆ. ಹುಡುಗಿಯ ಹೆಗಲ ಮೇಲೆ ಅಷ್ಟು ಹೊತ್ತು ಕೈ ಎತ್ತಿ ಇಟ್ಟರೆ ಇಡೀ ಮಂಟಪ ನೋಡುತ್ತದೆ. ಕ್ಯಾಮೆರಾ ಹಿಡಿದುಕೊಂಡರೆ ಅದರ ಹಿಂದೆ ಅಡಗಬಹುದು. ನನ್ನ ಬದಲು ನಮ್ಮ ಚಿಕ್ಕಪ್ಪನ ಮಗ ನಿಲ್ಲುವುದೆಂದು ಆಯಿತು.

ಲಗ್ನ ಸಾಂಗ್ಲಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಮುಹೂರ್ತ ಮಧ್ಯಾಹ್ನದ ಹೊತ್ತಿಗೆ. ಬುದ್ಧಿಯಿದ್ದವನು ಅಂದು ಮುಂಜಾನೆ ಮನೆಯಲ್ಲಿರುತ್ತಾನೆ. ನಾನು ಹೊಳೆಗೆ ಹೋದೆ. ಒಂದು ಒಳ್ಳೆಯ ಹಕ್ಕಿ ಹೊಡೆದುಕೊಂಡು ಬಂದರೆ ಕೈಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಒಳ್ಳೆಯದೇ ಸಿಕ್ಕಿತು. ಹೆಗಲಿಗೆ ಅದೇ ಕ್ಯಾಮೆರಾ ಹಾಕಿಕೊಂಡು, ಲೆನ್ಸು ಬದಲಿಸಿ, ಬೆವರಿನಲ್ಲೇ ಕಾರ್ಯಾಲಯಕ್ಕೆ ಬಂದೆ. "ಎಲ್ಲಿ ಹೋಗಿದ್ದೀ?" ಎಂದಳು ಅಕ್ಕ. "ಫ್ಲ್ಯಾಶಿಗೆ ಸೆಲ್ ತರಾಕ," ಎಂದೆ.

ಕ್ಯಾಮೆರಾದ ಮೇಲೆ ಒಂದು ಚಕ್ರವಿರುತ್ತದೆ. ಅದರಲ್ಲಿ ಒಂದನೆಯ ಮನೆಗೆ ಲಗ್ನದ ಸೆಟ್ಟಿಂಗು, ಎರಡನೆಯ ಮನೆಗೆ ಹಕ್ಕಿಯ ಸೆಟ್ಟಿಂಗು ತುಂಬಿಟ್ಟಿದ್ದೆ. ತಿರುಗಿಸಿದರೆ ಆಯಿತು, ಅಷ್ಟು ಸುಲಭ. ಗಡಿಬಿಡಿಯಲ್ಲಿ ನಾನು ತಿರುಗಿಸಲಿಲ್ಲ. ಮೊದಲು ಅಂಗಳದಲ್ಲಿ ಬಿಸಿಲಿನಲ್ಲಿ ಹೊಡೆದೆ, ಬಿಸಿಲಿಗೆ ಎಲ್ಲ ನಡೆಯುತ್ತದೆ. ಮುಹೂರ್ತದ ಹೊತ್ತಿಗೆ ಒಳಗೆ ಬಂದರೆ ಮಂಟಪದಲ್ಲಿ ಬೆಳಕು ಕಡಿಮೆ. ಇವತ್ತಾದರೂ ರವೆ ಬರಬಾರದೆಂದು ಹಳೆಯ ಫ್ಲ್ಯಾಶು ಹಚ್ಚಿದೆ. ಹೊಸ ಫ್ಲ್ಯಾಶಾಗಿದ್ದರೆ ಕ್ಯಾಮೆರಾದ ಜೊತೆ ಮಾತಾಡಿಕೊಂಡು ಶಟರನ್ನು ತಾನೇ ಇನ್ನೂರಕ್ಕೆ ಇಳಿಸುತ್ತಿತ್ತು. ಇದು ಮುದುಕ, ಹೊಡಿ ಅಂದರೆ ಹೊಡೆಯುತ್ತದೆ, ಅಷ್ಟೇ.

ಸಾವಧಾನ ಎಂದರು. ಅಂತರಪಟ ಸರಿಯಿತು. ಬಾಜಾ ಬಜಂತ್ರಿ ಎದ್ದಿತು, ನಾಲ್ಕೂ ಕಡೆಯಿಂದ ಅಕ್ಕಿಕಾಳು ಹಾರಿದವು. ಸೊಂಟದಿಂದ ತಿರುಗಿದೆ, ಹೆಬ್ಬೆರಳು ಒತ್ತಿಕೊಂಡೇ ಇತ್ತು, ಸಾಲುಸಾಲಾಗಿ ಹೊಡೆದೆ. ಹುಡುಗಿ ತಲೆಯೆತ್ತಿ ನಕ್ಕಳು. ಹೊಡೆದೆ. ಹಾರ ಹಾಕಿದರು, ಹೊಡೆದೆ. ಹಿಂದಿನ ಪರದೆ ನೋಡಲಿಲ್ಲ, ಅದು ಮೂಡುವಂತಿರಲೂ ಇಲ್ಲ. ಜನ ಚದುರಿ ಊಟಕ್ಕೆ ಎದ್ದ ಮೇಲೆ ಒಂದು ಮೂಲೆಯಲ್ಲಿ ನಿಂತು ಗುಂಡಿ ಒತ್ತಿ ನೋಡಿದೆ.

ಕಪ್ಪು. ಮುಂದಿನದು ಕಪ್ಪು. ಅದರ ಮುಂದಿನದೂ. ಪ್ರತಿಯೊಂದರ ಮೇಲಿನ ಅಂಚಿನಲ್ಲಿ ಎರಡು ಬೆರಳಿನಷ್ಟು ಮಾತ್ರ ಬೆಳಕು. ಶಟರಿನ ಪರದೆ ಅಷ್ಟು ಜೋರಾಗಿ ಮುಚ್ಚಿದರೆ ಫ್ಲ್ಯಾಶಿನ ಬೆಳಕು ಒಂದು ಸೀಳಿನಷ್ಟು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದು ಮುಚ್ಚಿರುತ್ತದೆ. ಫೋಟೊ ಕಲಿಯುವ ಮೊದಲ ವಾರ ಗುರುಗಳು ಹೇಳಿಕೊಡುವ ಪಾಠ ಅದು. ಆ ಸೀಳಿನಲ್ಲಿ ಅಕ್ಕಿಕಾಳು ಇದ್ದವು. ಒಂದೊಂದು ಕಾಳೂ ಅರಿಶಿನ ಹಚ್ಚಿಕೊಂಡು, ಗಾಳಿಯಲ್ಲಿ ಚೊಕ್ಕಟವಾಗಿ, ಅಲುಗದೆ ನಿಂತಿತ್ತು. ಅದರ ಕೆಳಗೆ ಹುಡುಗಿಯೂ ಇಲ್ಲ, ಹುಡುಗನೂ ಇಲ್ಲ.

ಚಕ್ರವನ್ನು ತಿರುಗಿಸಿ ಉಳಿದ ಲಗ್ನ ಹೊಡೆದೆ. ಯಾರಿಗೂ ಹೇಳಲಿಲ್ಲ. ಮಾವನ ಜಾಗವನ್ನೂ ಬಿಟ್ಟೆ, ಫೋಟೊವನ್ನೂ ಕಳೆದೆ. ಎರಡು ದಿನ ಆ ಫೋಟೊಗಳ ಮೆಮೊರಿ ಕಾರ್ಡು ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ಮೂರನೆಯ ದಿನ ಮಧ್ಯಾಹ್ನ ಹೆಂಡತಿ ಕೈ ಚಾಚಿದಳು. "ಕಾರ್ಡ್ ಕೊಡ್ರಿ."

ಕೊಟ್ಟೆ. ಅವಳು ಒಂದೊಂದೇ ತೆಗೆದು ನೋಡಿದಳು. ಕಪ್ಪನ್ನು ಎಷ್ಟು ಬೆಳಗಿಸಿದರೂ ಮುಖಗಳು ಮರಳು ಮರಳಾಗಿ, ಗುರುತು ಸಿಗದ ಹಾಗೆ ಬಂದವು. ನಾನು ಬಾಗಿಲಿಗೂ ಮೇಜಿಗೂ ನಡುವೆ ಅಡ್ಡಾಡುತ್ತಿದ್ದೆ. "ಫ್ಲ್ಯಾಶ್ ಕೆಟ್ಟೈತಿ," ಎಂದೆ.

"ಕುಂದ್ರಿ," ಎಂದಳು.

"ಹಳೇ ಫ್ಲ್ಯಾಶ್, ಎಷ್ಟ ಸಲ ಹೇಳೀನಿ..."

"ಕುಂದ್ರಿ ಅಂದ್ನಿಲ್ರಿ." ಕೂತೆ. ಅವಳು ಹಳೆಯ ಲಗ್ನಗಳ ಫೋಟೊ ಒಂದೊಂದಾಗಿ ತೆರೆದು ಮೂಲೆಯ ಅಂಕಿಯ ಮೇಲೆ ಬೆರಳಿಟ್ಟಳು. "ಹೋದ ವರ್ಷ ನೂರಾ ಇಪ್ಪತ್ತೈದು. ಇದು ಇನ್ನೂರು. ಇದು ಐನೂರು. ಇದು ಎಂಟುನೂರು. ಕೈ ಎಷ್ಟೆಷ್ಟು ನಡಗತೈತಿ ಅಂತ ನೀವ ಲಗ್ನಕ್ಕೊಂದು ಸಲ ಬರದಿಟ್ಟೀರಿ. ನಾ ದಿನಾ ಓದೇನಿ."

ಕ್ಯಾಮೆರಾ ಪ್ರತಿ ಫೋಟೊದ ಬೆನ್ನಿಗೂ ತನ್ನ ಸೆಟ್ಟಿಂಗು ಬರೆದಿಡುತ್ತದೆ. ನನಗೆ ಅದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಮುಚ್ಚಿಡುವವನ ತಲೆ ಹಾಗೇ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

"ಗೊತ್ತಿತ್ತಂದ್ರ ಯಾಕ ಕೇಳಲಿಲ್ಲ?" ಎಂದೆ. ಆಗಲೂ ದನಿಯಲ್ಲಿ ಜಗಳವೇ ಇತ್ತು.

"ಕೇಳಿದ್ರ ಹೇಳ್ತಿದ್ರೇನು? ರಿಪೇರಿಯವನ ಕೂಡ ಜಗಳಾ ಮಾಡಿ ಬಂದವರು ನೀವು. ನನ್ನ ಕೂಡನೂ ಮಾಡ್ತಿದ್ರಿ." ಅವಳ ಕಣ್ಣು ತುಂಬಿತ್ತು. "ನೀವು ಚಹಾ ಸುಡತೈತಿ ಅಂದ ದಿನಾ ಹೆದರೇನಿ ನಾ. ಇವತ್ತಿನ ತನಾ ಒಬ್ಬಾಕೀನ ಹೆದರೇನಿ."

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ನಾನು ಊರಿಗೆ ಹೆದರಿದ್ದೆ. ಅವಳು ನನಗಾಗಿ ಹೆದರಿದ್ದಳು. ಮರುದಿನ ಅವಳೇ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ಕಾಗದದ ಮೇಲೆ ಶಂಖದ ಹಾಗೆ ಸುರುಳಿ ಬರೆಯಿಸಿದರು. ನನ್ನ ಸುರುಳಿ ಗರಗಸದ ಹಲ್ಲಿನಂತೆ ಬಂತು. ಜೀವಕ್ಕೆ ಭಯವಿಲ್ಲ, ಮಾತ್ರೆಗೆ ಸ್ವಲ್ಪ ಇಳಿಯಬಹುದು, ಪೂರಾ ಹೋಗುವುದಿಲ್ಲ, ಮನೆತನದಲ್ಲಿ ಬರುವಂಥದ್ದು ಎಂದರು.

ಆ ವಾರ ಹುಡುಗಿ ಗಂಡನ ಜೊತೆ ಮೊದಲ ಸಲ ತವರಿಗೆ ಬಂದಳು. ನಾನು, ಹೆಂಡತಿ ಕುಪವಾಡಕ್ಕೆ ಹೋದೆವು. ನನ್ನ ತಲೆಯಲ್ಲಿ ಇನ್ನೂ ಒಂದು ಉಪಾಯವಿತ್ತು. ನಮ್ಮ ಧಂದೆಯಲ್ಲಿ ಇದು ಇದ್ದದ್ದೇ: ತಪ್ಪಿದ ಫೋಟೊವನ್ನು ಮತ್ತೊಮ್ಮೆ ಮಾಡಿಸುವುದು. ಮತ್ತೊಮ್ಮೆ ಹಾರ ಹಾಕ್ರಿ, ಮತ್ತೊಮ್ಮೆ ಕಾಲಿಗೆ ಬೀಳ್ರಿ. ಒಂದು ಶಾಲು ಹಿಡಿಸಿ, ಎರಡು ಮುಷ್ಟಿ ಅಕ್ಕಿ ಎರಚಿಸಿದರೆ ಅಂತರಪಟದ ಫೋಟೊ ಆಗುತ್ತದೆ. ಚೀಲದಲ್ಲಿ ಕ್ಯಾಮೆರಾ ಇತ್ತು.

"ಅಕ್ಕಾ, ಮುಹೂರ್ತದ ಫೋಟೊ ಕೆಟ್ಟ ಹೋದ್ವು," ಎಂದೆ. "ಫ್ಲ್ಯಾಶ್ ಕೆಟ್ಟಿತ್ತು. ಒಂದ ಶಾಲು ಕೊಡು, ಈಗ ಮತ್ತ ತಗದ ಬಿಡ್ತೇನಿ."

ಅಕ್ಕನ ಮುಖ ಇಳಿಯಿತು. ಮಗಳ ಕಡೆ ನೋಡಿ ಹೇಳಿದಳು: "ಹೋದ್ರ ಹೋಗಲಿ ಬಿಡು. ಅಕ್ಕಿಕಾಳು ಎರಡ ಸಲ ಬೀಳಬಾರದು ತಮ್ಮಾ. ಫೋಟೊಕ್ಕಂತ ಯಾರರೆ ಮತ್ತ ಲಗ್ನಾ ಮಾಡ್ತಾರೇನು?" ಒಳಗೆ ಹೋಗಿ ಚಹಾ ತಂದು ನನ್ನ ಮುಂದೆ ಹಿಡಿದಳು.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬಲಗೈಯಿಂದ ಬಸಿ ಹಿಡಿದೆ. ಕಟಕಟ ಎಂದಿತು. ಕೆಳಗಿಡಬೇಕೆಂದು ಕೈ ತಾನೇ ಇಳಿಯಿತು. ಇಡಲಿಲ್ಲ. ಹಿಡಿದುಕೊಂಡೇ ಕೂತೆ. ಅಕ್ಕ, ಹುಡುಗಿ, ಹೊಸ ಅಳಿಯ ಎಲ್ಲರಿಗೂ ಆ ಸದ್ದು ಕೇಳಿಸಿತು. ಚಹಾ ಬಸಿಗೆ ಚೆಲ್ಲಿತು.

"ಫ್ಲ್ಯಾಶ್ ಅಲ್ಲ ಅಕ್ಕಾ," ಎಂದೆ. "ಇದು. ಒಂದ ವರ್ಷಾತು. ಇದನ್ನ ಮುಚ್ಚಾಕ ಹೋಗಿ ಎಲ್ಲಾ ಮಾಡೇನಿ. ನಿನ್ನ ಮಗಳ ಹಿಂದ ನಿಂದ್ರಾಕ ಒಲ್ಲೆ ಅಂದಿದ್ದೂ ಇದಕ್ಕ."

ಅಕ್ಕ ನನ್ನ ಕೈಯಿಂದ ಬಸಿ ತೆಗೆದುಕೊಂಡಳು. "ಅಪ್ಪಂದೂ ಹಿಂಗ ಇತ್ತು," ಎಂದಳು. "ಕಡೀ ವರ್ಷದಾಗ ನೀರಿನ ತಂಬಗಿ ಎರಡೂ ಕೈಲೆ ಹಿಡೀತಿದ್ದ. ನೀ ಲಗ್ನಾ ಲಗ್ನಾ ಅಂತ ತಿರಗಾಕತ್ತಿದ್ದಿ, ನಿನಗ ಗೊತ್ತಾಗಲಿಲ್ಲ." ಅಷ್ಟು ಮಂದಿಯನ್ನು ಕಣ್ಣಿಟ್ಟು ನೋಡಿ ಫೋಟೊ ಹೊಡೆದ ನಾನು, ನನ್ನ ಅಪ್ಪನ ಕೈಯನ್ನು ನೋಡಿರಲಿಲ್ಲ.

ಹುಡುಗಿ ಎದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಮರಾಠಿ ಸೇರಿಸಿಯೇ ಆಡುತ್ತಾಳೆ. "ಅಂತರಪಟ ರಾಹೂ ದ್ಯಾ ಮಾಮಾ, ಅದು ಬ್ಯಾಡ. ಆದ್ರ ನೀವು ನನ್ನ ಹಿಂದ ನಿಂದ್ರಿ. ಮಾಮಿ ಫೋಟೊ ಕಾಢತಾರ."

ಅವಳು ಗಂಡನ ಪಕ್ಕದಲ್ಲಿ ನಿಂತಳು. ನಾನು ಹಿಂದೆ ನಿಂತು ಬಲಗೈಯನ್ನು ಅವಳ ಹೆಗಲ ಮೇಲಿಟ್ಟೆ. ಕೈ ನಡುಗುತ್ತಿತ್ತು, ಸೀರೆಯ ಸೆರಗೂ ಅದರ ಜೊತೆ ಅಲುಗುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಹೆಂಡತಿ ಕ್ಯಾಮೆರಾ ಎತ್ತಿಕೊಂಡಳು, ಚಕ್ರ ತಿರುಗಿಸಿದಳು.

"ಶಟರ್ ಎಷ್ಟಿಟ್ಟೀ?" ಎಂದೆ.

"ನೂರಾ ಇಪ್ಪತ್ತೈದು."

"ಏರಿಸು. ಕೈ ಅಲಗಿದ್ದು ಬರತೈತಿ."

"ಬರಲಿ," ಎಂದಳು, ಒತ್ತಿದಳು.

ಕಾಕಾನ ಜೊತೆ ಈಗಲೂ ಹೊಳೆಗೆ ಹೋಗುತ್ತೇನೆ, ಈಗಲೂ ನಿಂತಲ್ಲಿ ನಿಲ್ಲುವುದಿಲ್ಲ. ಲಗ್ನಗಳಿಗೆ ಹೆಂಡತಿಯೂ ಬರುತ್ತಾಳೆ; ಮುಹೂರ್ತ ಅವಳೇ ಹೊಡೆಯುತ್ತಾಳೆ, ನಾನು ಪಕ್ಕದಲ್ಲಿ ನಿಂತು ಅಕ್ಕಿಕಾಳು ಹಾಕುತ್ತೇನೆ. ಕೆಲವರು ಕರೆಯುವುದನ್ನು ಬಿಟ್ಟರು, ಸುಳ್ಳು ಹೇಳುವುದಿಲ್ಲ. ಅಕ್ಕನ ಮನೆಯ ಆ ಫೋಟೊವನ್ನು ಅಂಗಡಿಯ ಮುಂದಿನ ಗಾಜಿನಲ್ಲಿ ಹಾಕಿದ್ದೇವೆ, ಮೊದಲು ರೀವದ ಫೋಟೊ ಇದ್ದ ಜಾಗದಲ್ಲಿ. ಹುಡುಗಿ, ಅವಳ ಗಂಡ, ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಕಿಗಳು ಕೂಡ ಚೊಕ್ಕಟವಾಗಿ ಬಂದಿವೆ. ಅವಳ ಹೆಗಲ ಮೇಲಿನ ಕೈಯೊಂದು ಮಾತ್ರ ಅಲುಗಿ ಹೋಗಿದೆ. ಹೊಸದಾಗಿ ಲಗ್ನ ಗೊತ್ತು ಮಾಡಿಕೊಂಡು ಬಂದವರು ಗಾಜಿನ ಮುಂದೆ ನಿಂತು, ಇಷ್ಟು ಚೆನ್ನಾದ ಫೋಟೊದಲ್ಲಿ ಆ ಕೈ ಯಾರದು ಎಂದು ಕೇಳುತ್ತಾರೆ. ನನ್ನದು ಎನ್ನುತ್ತೇನೆ.